ಪದ ಕಟ್ ಮಾಡ್ಬೇಡಿ ಮಾರಾಯ್ರೆ

ಭಾಗ 1

"ಹಾಡು ಬಂತು, ಓಡಿಸು ಓಡಿಸು" ಅಂತ ಹೇಳುವ ಒಬ್ಬ ಪ್ರತಿ ಗುಂಪಲ್ಲೂ ಇರ್ತಾನೆ. ನಿಮ್ಮ ಗುಂಪಲ್ಲಿ ಅದು ನೀವೇ ಆಗಿರಬಹುದು. ನಾನೇನೂ ಬಯ್ಯುವುದಿಲ್ಲ. ನಾವು ನೋಡುವ ಎಷ್ಟೋ ಸಿನೆಮಾಗಳಲ್ಲಿ ಹಾಡು ಅಂದ್ರೆ ಹೀರೋ, ಹೀರೋಯಿನ್ ಇಬ್ಬರೂ ದಿಢೀರಂತ ಹಿಮ ಇರುವ ಗುಡ್ಡೆಗೆ ಹೋಗಿ, ನಾಲ್ಕು ಡ್ರೆಸ್ ಬದಲಿಸಿ ವಾಪಸ್ ಬರುವುದು. ಅಷ್ಟು ಹೊತ್ತು ಕಥೆ ಪುತ್ತೂರು ಬಸ್‌ಸ್ಟ್ಯಾಂಡಲ್ಲಿ ಸುಬ್ರಹ್ಮಣ್ಯ ಬಸ್ಸಿಗೆ ಕಾದ ಹಾಗೆ ಕಾಯ್ತಾ ನಿಂತಿರ್ತದೆ. ಅಂಥ ಹಾಡನ್ನು ಓಡಿಸಿದರೆ ಯಾರಿಗೂ ನಷ್ಟ ಇಲ್ಲ.

ಆದರೆ ಓಡಿಸಿದರೆ ಕಥೆಯೇ ಬಿದ್ದುಹೋಗುವ ಹಾಡುಗಳೂ ಉಂಟು. ಈ ಸಲದ ಸೀರೀಸ್ ಅವುಗಳ ಬಗ್ಗೆ. ಎರಡು ಉದಾಹರಣೆ ಇಟ್ಟುಕೊಂಡು ಮಾತಾಡ್ತೇನೆ, ಎರಡೂ ಹಬ್ಬದ ಕಥೆಗಳೇ, ಎರಡರಲ್ಲೂ ಕುಣಿಯುವುದು ಗೊಂಬೆಗಳೇ.

ಒಂದು, 'ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್'. 1993ರ ಅಮೆರಿಕದ ಅನಿಮೇಶನ್ ಸಿನೆಮಾ. ಕಂಪ್ಯೂಟರಲ್ಲಿ ಮಾಡಿದ್ದಲ್ಲ, ಗೊಂಬೆಗಳನ್ನು ಕೈಯಲ್ಲಿ ಕೂದಲೆಳೆಯಷ್ಟು ಕದಲಿಸಿ ಒಂದೊಂದೇ ಫೋಟೋ ತೆಗೆದು ಜೋಡಿಸಿದ್ದು. ಸೆಕೆಂಡಿಗೆ 24 ಫ್ರೇಮ್, ಒಟ್ಟು 76 ನಿಮಿಷ. ಗುಣಿಸಿ ನೋಡಿ, ಲಕ್ಷ ದಾಟುತ್ತದೆ.

ಇನ್ನೊಂದು, ನಮ್ಮ ಪಕ್ಕದ ಕಾಸರಗೋಡಿನದ್ದು. ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ, ಕೆ.ವಿ. ರಮೇಶ್ ಅವರು ನಡೆಸಿಕೊಂಡು ಬಂದದ್ದು. ತೆಂಕುತಿಟ್ಟಿನ ವೇಷ, ಕಿರೀಟ, ಕುಣಿತ ಎಲ್ಲವೂ ದಾರ ಕಟ್ಟಿದ ಮರದ ಗೊಂಬೆಗಳಲ್ಲಿ. ಅವರು ಆಡಿಸುವ ಪ್ರಸಂಗಗಳಲ್ಲಿ 'ನರಕಾಸುರ ವಧೆ' ಒಂದು. ಅಂದ್ರೆ ದೀಪಾವಳಿ ಕಥೆ. ಎಣ್ಣೆ ಹಚ್ಚಿ ಸ್ನಾನ ಮಾಡುವ ಚತುರ್ದಶಿ ಯಾರ ಹೆಸರಲ್ಲಿ ಬಂತೋ, ಅವನ ಕಥೆ.

ಈ ಎರಡನ್ನೂ ಪಕ್ಕಪಕ್ಕ ಇಟ್ಟದ್ದಕ್ಕೆ ಕಾರಣ ಉಂಟು. ನಮ್ಮ ಕ್ಲಾಸಲ್ಲಿ ಮ್ಯೂಸಿಕಲ್ ಅಂದ ಕೂಡಲೇ "ಅದು ಫಾರಿನ್‌ನವರದ್ದು, ನಮಗೆ ಸೆಟ್ ಆಗುದಿಲ್ಲ" ಅಂತ ಹೇಳುವವರು ಇದ್ದಾರೆ. ಅದೇ ಜನ ಮರುದಿನ ಊರಿನ ಗದ್ದೆಯಲ್ಲಿ ಚಾಪೆ ಹಾಸಿ ಆಟ ನೋಡ್ತಾರೆ. ಆಟ ಅಂದ್ರೆ ಎಂತ ಮತ್ತೆ?

ಭಾಗ 2

ಈ ಫೋಟೋದಲ್ಲಿ ಇರುವುದು ಪ್ರಸಂಗ ಪುಸ್ತಕದ ಒಂದು ಪುಟ. ಝೂಮ್ ಮಾಡಿ. ಇದರಲ್ಲಿ ಡೈಲಾಗ್ ಎಲ್ಲಿ ಉಂಟು ಹುಡುಕಿ.

ಇಲ್ಲ. ಪೂರ್ತಿ ಪುಸ್ತಕದಲ್ಲೂ ಇಲ್ಲ. ಪದ, ಅದರ ಮೇಲೆ ರಾಗ ಮತ್ತು ತಾಳದ ಹೆಸರು, ನಡುವಲ್ಲಿ ಭಾಮಿನಿ, ವಾರ್ಧಕ, ಕಂದ, ದ್ವಿಪದಿ, ಅಷ್ಟೇ. ವೇಷಧಾರಿ ಮಾತಾಡುವ ಅರ್ಥ ಎಲ್ಲ ಆ ರಾತ್ರಿ, ಆ ರಂಗದಲ್ಲಿ ಹುಟ್ಟುವುದು. ಇವತ್ತು ಒಬ್ಬರು ಕೃಷ್ಣ ಮಾಡಿದರೆ ಒಂದು ಮಾತು, ನಾಳೆ ಬೇರೆಯವರು ಮಾಡಿದರೆ ಬೇರೆ ಮಾತು. ಬದಲಾಗದೆ ಉಳಿಯುವುದು ಪದ. ಕುಂಬಳೆಯ ಪಾರ್ತಿಸುಬ್ಬನ ಹೆಸರಲ್ಲಿ ನಮಗೆ ಉಳಿದು ಬಂದದ್ದೂ ಪದಗಳೇ. ಅವನ ಕಾಲದ ವೇಷಧಾರಿಗಳು ಎಂತ ಅರ್ಥ ಹೇಳಿದರೋ ಗಾಳಿಗೆ ಹೋಯಿತು.

ಅಂದ್ರೆ ನಮ್ಮಲ್ಲಿ ಸ್ಕ್ರಿಪ್ಟ್ ಅಂತ ಇದ್ದರೆ ಅದು ಹಾಡು ಮಾತ್ರ. ಮಾತು ಅದರ ವ್ಯಾಖ್ಯಾನ.

ಈಗ ಅಮೆರಿಕಕ್ಕೆ ಬನ್ನಿ. ನೈಟ್‌ಮೇರ್ ಹುಟ್ಟಿದ್ದು ಟಿಮ್ ಬರ್ಟನ್ ಬರೆದ ಒಂದು ಕವಿತೆಯಿಂದ. ಬರ್ಟನ್ ಕಥೆ ಹೇಳುತ್ತಾ ಹೋದದ್ದು, ಡ್ಯಾನಿ ಎಲ್ಫ್‌ಮನ್ ಅದನ್ನು ಕೇಳಿಕೊಂಡು ಒಂದೊಂದೇ ಹಾಡು ಕಟ್ಟಿದ್ದು. ಚಿತ್ರಕಥೆ ಇನ್ನೂ ಮುಗಿದಿರಲಿಲ್ಲ. ಕ್ಯಾರೋಲಿನ್ ಥಾಮ್ಸನ್ ಚಿತ್ರಕಥೆ ಬರೆಯುವ ಹೊತ್ತಿಗೆ ಹಾಡುಗಳು ಆಗಲೇ ಇದ್ದವು. ನಿರ್ದೇಶಕ ಹೆನ್ರಿ ಸೆಲಿಕ್ ತಂಡ ಹಾಡಿನ ದೃಶ್ಯಗಳಿಂದಲೇ ಕೆಲಸ ಶುರು ಮಾಡಿತು.

ಮೊದಲು ಪದ, ಆಮೇಲೆ ಅರ್ಥ. ಇದನ್ನು ಓದಿದಾಗ ನಾನು ಲೈಬ್ರರಿಯಲ್ಲಿ ಒಬ್ಬನೇ ನಕ್ಕದ್ದು. ಎಲ್ಫ್‌ಮನ್ ಯಾವತ್ತೂ ಪುತ್ತೂರು ಕಡೆ ಬಂದವರಲ್ಲ, ಆದರೆ ಅವರು ಬರೆದದ್ದು ಪ್ರಸಂಗವನ್ನೇ.

ಹಾಗೆ ಬರೆದದ್ದರಿಂದ ಏನಾಯಿತು? ಆ ಸಿನೆಮಾದ ಸುಮಾರು 10 ಹಾಡುಗಳನ್ನು ಮಾತ್ರ ಸಾಲಾಗಿ ಕೇಳಿ. ಕಥೆ ಅರ್ಥ ಆಗ್ತದೆ. ಭೂತ-ಪ್ರೇತದ ಹಬ್ಬದ ಊರು ತನ್ನ ಪರಿಚಯ ಮಾಡಿಕೊಳ್ತದೆ (ನಮ್ಮ ಭೂತ ಅಲ್ಲ ಮತ್ತೆ, ನಮ್ಮದು ದೈವ; ಹ್ಯಾಲೋವೀನ್ ಅಂದ್ರೆ ಮಾರ್ನೆಮಿಗೆ ವೇಷ ಹಾಕಿಕೊಂಡು ಮನೆಮನೆ ಹೋದ ಹಾಗೆ ಅಂತ ಇಟ್ಟುಕೊಳ್ಳಿ). ಆ ಊರಿನ ರಾಜ ಜ್ಯಾಕ್‌ಗೆ ಪ್ರತಿ ವರ್ಷ ಅದೇ ಕೆಲಸ ಮಾಡಿ ಬೇಜಾರು ಹಿಡಿದಿದೆ, ಅದು ಒಂದು ಹಾಡು. ದಾರಿ ತಪ್ಪಿ ಕ್ರಿಸ್‌ಮಸ್ ಊರಿಗೆ ಬಿದ್ದು ಅಚ್ಚರಿಪಡುವುದು ಒಂದು ಹಾಡು. ಊರವರನ್ನು ಕೂಡಿಸಿ ಕ್ರಿಸ್‌ಮಸ್ ಅಂದ್ರೆ ಎಂತ ಅಂತ ವಿವರಿಸಲು ಹೋಗಿ ಸೋಲುವುದು ಇನ್ನೊಂದು. ಆ ಹಬ್ಬವನ್ನೇ ಕದಿಯುವ ತೀರ್ಮಾನ, ಸಾಂಟಾನ ಅಪಹರಣ, ತಯಾರಿ, ಕೊನೆಗೆ ಎಲ್ಲ ಕೆಟ್ಟು ಸ್ಮಶಾನದಲ್ಲಿ ಬಿದ್ದು ಬುದ್ಧಿ ಬರುವುದು: ಎಲ್ಲವೂ ಹಾಡಲ್ಲೇ. ಮಾತು ಬರೀ ಹೊಲಿಗೆ.

ಉಲ್ಟಾ ಪರೀಕ್ಷೆಯನ್ನೂ ಮಾಡಬಹುದು. 2025ರಲ್ಲಿ ನಾವೆಲ್ಲ ಹೋಗಿ ನೋಡಿದ 'ಮಹಾವತಾರ್ ನರಸಿಂಹ' ನೆನಪಿಸಿಕೊಳ್ಳಿ. ನನಗೂ ಇಷ್ಟವೇ, ಕಂಬ ಒಡೆಯುವಾಗ ನಾನೂ ಶಿಳ್ಳೆ ಹೊಡೆದವನೇ. ಆದರೆ ಅದರ ಹಾಡುಗಳನ್ನು ತೆಗೆದರೂ ಕಥೆ ನಿಲ್ಲುವುದಿಲ್ಲ. ಅಲ್ಲಿ ಹಾಡು ಭಕ್ತಿ ತುಂಬಿಸ್ತದೆ, ಕಥೆಯನ್ನು ಎಳೆದುಕೊಂಡು ಹೋಗುವುದು ಮಾತು ಮತ್ತು ಹೊಡೆದಾಟ. ಅದೇ ಪ್ರಹ್ಲಾದನ ಕಥೆಯನ್ನು ಆಟದಲ್ಲಿ ಪದ ಇಲ್ಲದೆ ಮಾಡಿ ನೋಡುವ. ವೇಷಧಾರಿ ರಂಗಕ್ಕೆ ಬರುವುದು ಹೇಗೆ ಅಂತಲೇ ಗೊತ್ತಾಗುವುದಿಲ್ಲ, ಅವನನ್ನು ಕರೆಯುವವರೇ ಇಲ್ಲ.

ಭಾಗ 3

ಇದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಸ್ವಲ್ಪ ಉದ್ದ ಆಗ್ತದೆ, ಚಾ ಇಟ್ಟುಕೊಂಡು ಓದಿ.

ನೈಟ್‌ಮೇರ್‌ನ ಜ್ಯಾಕ್ ಗೊಂಬೆಗೆ ಸುಮಾರು 400 ತಲೆಗಳನ್ನು ಮಾಡಿದ್ದರು. ಒಂದೊಂದು ತಲೆಗೆ ಒಂದೊಂದು ಮುಖಭಾವ. 'ಆ' ಅನ್ನುವ ಬಾಯಿ, 'ಓ' ಅನ್ನುವ ಬಾಯಿ, ಹುಬ್ಬು ಗಂಟು, ನಗು, ಬೇಜಾರು. ಹಾಡಿನ ಅಕ್ಷರಕ್ಕೆ ಸರಿಯಾಗಿ ತಲೆ ಬದಲಿಸುತ್ತಾ ಹೋಗುವುದು. ಸುಮಾರು ಮೂರು ವರ್ಷದ ಕೆಲಸ.

ಕಾಸರಗೋಡಿನ ನರಕಾಸುರನಿಗೆ ಇರುವುದು ಒಂದೇ ತಲೆ. ಒಂದೇ ಮುಖ. ಮರದಲ್ಲಿ ಕೆತ್ತಿ, ಬಣ್ಣ ಬರೆದು ಮುಗಿಸಿದ್ದು. ಕಣ್ಣು ತೆರೆದದ್ದು ತೆರೆದೇ ಇರ್ತದೆ. ಅವನು ಸ್ವರ್ಗಕ್ಕೆ ನುಗ್ಗಿ ಅದಿತಿಯ ಕುಂಡಲ ಕಿತ್ತುಕೊಂಡು ಬರುವಾಗಲೂ ಅದೇ ಮುಖ, ಸಾಯುವಾಗಲೂ ಅದೇ ಮುಖ. ಕೃಷ್ಣನಿಗೂ ಹಾಗೆಯೇ, ಸತ್ಯಭಾಮೆಗೂ ಹಾಗೆಯೇ.

ಮತ್ತೆ ಹೇಗೆ ನಮಗೆ ಅವನ ಸಿಟ್ಟು ಕಾಣ್ತದೆ? ಅವಳ ಹುಸಿಮುನಿಸು ಕಾಣ್ತದೆ?

ಹಿಮ್ಮೇಳದಿಂದ. ಭಾಗವತರ ಸ್ವರ ಏರಿದರೆ ಗೊಂಬೆಯ ಕಣ್ಣು ಕೆಂಪಾದ ಹಾಗೆ ಕಾಣ್ತದೆ. ಚೆಂಡೆ ನಿಂತು ಮದ್ದಳೆ ಮಾತ್ರ ಉಳಿದರೆ ಅದೇ ಕಣ್ಣಲ್ಲಿ ನೀರು ನಿಂತ ಹಾಗೆ ಕಾಣ್ತದೆ. ಮುಖ ಬದಲಾಗಲಿಲ್ಲ, ನಮ್ಮ ಕಿವಿಗೆ ಬಿದ್ದದ್ದು ಬದಲಾಯಿತು, ಕಣ್ಣು ಕಿವಿಯನ್ನು ನಂಬಿತು. ಅಮೆರಿಕದವರು 400 ತಲೆ ಮಾಡಿ ತಂದದ್ದನ್ನು ಇವರು ಒಂದು ರಾಗ ಬದಲಿಸಿ ತರ್ತಾರೆ. ಖರ್ಚಿನ ಲೆಕ್ಕದಲ್ಲಿ ನೋಡಿದರೆ ನಮ್ಮದೇ ಒಳ್ಳೆಯ ಮಾಡೆಲ್ (ಬಿಕಾಂ ಬುದ್ಧಿ, ಕ್ಷಮಿಸಿ).

ತಮಾಷೆ ಬಿಟ್ಟು ಹೇಳ್ತೇನೆ, ಇದು ಮನುಷ್ಯರು ಆಡುವ ಆಟಕ್ಕೂ ಹೌದು. ಬಣ್ಣದ ವೇಷದ ಮುಖದಲ್ಲಿ ಚುಟ್ಟಿ ಇಟ್ಟು, ಮೂಗಿಗೆ ಉಂಡೆ ಇಟ್ಟ ಮೇಲೆ ವೇಷಧಾರಿಯ ಸ್ವಂತ ಮುಖ ಎಷ್ಟು ಕಾಣ್ತದೆ ಹೇಳಿ? ಇಪ್ಪತ್ತನೇ ಸಾಲಲ್ಲಿ ಕೂತವರಿಗೆ ಏನೂ ಇಲ್ಲ. ತೆರೆಯ ಹಿಂದಿನಿಂದ ಆರ್ಭಟೆ ಕೇಳುವಾಗ, ಚೆಂಡೆ ಒಂದೇ ಸಮನೆ ಏರುವಾಗ, ವೇಷ ಇನ್ನೂ ಪೂರ್ತಿ ಕಾಣಿಸಿಕೊಳ್ಳುವ ಮೊದಲೇ ಮಕ್ಕಳು ಅಮ್ಮನ ಸೆರಗು ಹಿಡಿದಾಗಿರ್ತದೆ. ಹೆದರಿಸಿದ್ದು ಯಾರು? ನರಕಾಸುರ ಇನ್ನೂ ಬರಲೇ ಇಲ್ಲ.

ನೈಟ್‌ಮೇರ್‌ನ ಮೊದಲ ಹಾಡಿನ ಕೆಲಸವೂ ಅದೇ. ರಾಜ ಕಾಣಿಸುವ ಮೊದಲು ಊರಿಗೆ ಊರೇ ಹಾಡ್ತದೆ. ಮಂಚದ ಅಡಿಯಿಂದ ಒಬ್ಬ, ಮೆಟ್ಟಿಲ ಅಡಿಯಿಂದ ಒಬ್ಬ. ಕೊನೆಗೆ ರಾಜನ ಪ್ರವೇಶ. ಒಡ್ಡೋಲಗ ಗೊತ್ತಿದ್ದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ನಮ್ಮ ಅಜ್ಜಿಗೆ ಈ ಹಾಡು ತೋರಿಸಿದೆ. ಭಾಷೆ ಒಂದಕ್ಷರ ತಿಳಿಯದಿದ್ದರೂ "ದೊಡ್ಡ ವೇಷ ಬರ್ಲಿಕ್ಕುಂಟು" ಅಂತ ಹೇಳಿದರು. ಸರಿಯಾಗಿಯೇ ಹೇಳಿದರು.

ಇನ್ನೊಂದು ಗಮನಿಸಿ. ಕ್ರಿಸ್‌ಮಸ್‌ನ ತಯಾರಿ ಮಾಡುವ ಹಾಡು ಅದರಲ್ಲಿ ಉಂಟಲ್ಲ, ಪದಗಳೆಲ್ಲ ಖುಷಿಯವು, ಉಡುಗೊರೆ ಕಟ್ಟುವುದು, ಆಟಿಕೆ ಮಾಡುವುದು. ಆದರೆ ರಾಗ ಮಸಣದ್ದು. ಆ ಊರವರಿಗೆ ತಾವು ಮಾಡ್ತಾ ಇರುವುದು ತಪ್ಪು ಅಂತ ಗೊತ್ತಿಲ್ಲ, ರಾಗಕ್ಕೆ ಗೊತ್ತುಂಟು. ಯಾರೂ ಬಾಯಿಬಿಟ್ಟು "ಇದು ಕೆಡ್ತದೆ" ಅಂತ ಹೇಳುವುದಿಲ್ಲ, ನೋಡುವವನಿಗೆ ಮಾತ್ರ ಹೊಟ್ಟೆಯೊಳಗೆ ಗೊತ್ತಾಗ್ತದೆ. ಡಿಸೆಂಬರಲ್ಲಿ ನಮ್ಮ ಊರಲ್ಲಿ ಗೋದಲಿ ಕಟ್ಟುವಾಗ, ಕುಸ್ವಾರ್ ಹಂಚುವಾಗ ಕೇಳುವ ಹಾಡುಗಳ ಪಕ್ಕ ಇದನ್ನು ಇಟ್ಟು ಕೇಳಿದರೆ ವ್ಯತ್ಯಾಸ ಗೊತ್ತಾಗ್ತದೆ. ಹಬ್ಬ ಒಂದೇ, ಭಾವ ಬೇರೆ.

ಆಟದಲ್ಲೂ ಒಳ್ಳೆಯ ಭಾಗವತರು ಇದನ್ನೇ ಮಾಡುವುದು. ತಾಳ ಇಲ್ಲದೆ ಹಾಡುವ ಒಂದು ಭಾಮಿನಿ ಸಾಕು, ಅಷ್ಟು ಹೊತ್ತು ಕುಣಿದ ರಂಗ ತಣ್ಣಗಾಗಿ ಬಿಡ್ತದೆ. ನೀಲಾಂಬರಿ ಎತ್ತಿದರೆ ಯಾರಿಗೋ ಕೆಟ್ಟದು ಆಗ್ತದೆ ಅಂತ ಅರ್ಥ. ಸುಳ್ಯ ಕಡೆಯ ಹಿರಿಯರು ಕಲ್ಮಡ್ಕದ ಪದ್ಯಾಣ ಗಣಪತಿ ಭಟ್ಟರ ಬಗ್ಗೆ (ಅವರು 2021ರಲ್ಲಿ ತೀರಿಕೊಂಡರು) ಮಾತಾಡುವಾಗ ಯಾವ ವೇಷ ಇತ್ತು ಅಂತ ಹೇಳುವುದಿಲ್ಲ, ಯಾವ ಪದ ಹೇಳಿದರು ಅಂತ ಹೇಳ್ತಾರೆ. ಕೇಳಿ ನೋಡಿ ಬೇಕಾದರೆ.

ಭಾಗ 4

ಸಣ್ಣ ವಿಷಯ, ಆದರೆ ಬಿಡಲು ಮನಸ್ಸಿಲ್ಲ.

ಜ್ಯಾಕ್‌ಗೆ ಮಾತಾಡಿದ್ದು ಕ್ರಿಸ್ ಸರಾಂಡನ್. ಹಾಡಿದ್ದು ಡ್ಯಾನಿ ಎಲ್ಫ್‌ಮನ್ ಸ್ವತಃ. ಒಂದು ಪಾತ್ರ, ಎರಡು ಗಂಟಲು. ಹೊರಗಿನವರು ಇದನ್ನು ಒಂದು ವಿಶೇಷ ಅಂತ ಬರೆಯುವುದು ಓದಿದಾಗ ನನಗೆ ನಗು ಬರ್ತದೆ. ನಮ್ಮಲ್ಲಿ ಎಲ್ಲ ಪಾತ್ರಗಳೂ ಎರಡು ಗಂಟಲಿನವೇ. ಬೊಂಬೆಯಾಟದಲ್ಲಾದರೆ ಮೂರು ಜನ: ಹಾಡುವವರು, ಅರ್ಥ ಹೇಳುವವರು, ದಾರ ಹಿಡಿದವರು.

ಇದರಿಂದ ಒಂದು ಲಾಭ ಉಂಟು. ಹಾಡುವವನು ಪಾತ್ರದ ಒಳಗೂ ಇರ್ತಾನೆ, ಹೊರಗೂ ಇರ್ತಾನೆ. ನರಕ "ನನ್ನಷ್ಟು ದೊಡ್ಡವ ಯಾರು" ಅಂತ ಕೊಬ್ಬುವಾಗ ಭಾಗವತರ ಸ್ವರದಲ್ಲಿ ಆ ಕೊಬ್ಬೂ ಇರ್ತದೆ, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವ ಎಚ್ಚರವೂ ಇರ್ತದೆ. ಮಾತಾಡುವ ಪಾತ್ರಕ್ಕೆ ಅದು ಸಾಧ್ಯ ಇಲ್ಲ, ಅವನಿಗೆ ತನ್ನ ಮುಂದಿನ ಸೀನ್ ಗೊತ್ತಿಲ್ಲ. ಗಂಡು, ಹೆಣ್ಣು ಭೇದವೂ ಅಲ್ಲಿ ಕರಗಿ ಹೋಗ್ತದೆ. 2024ರಲ್ಲಿ ನಮ್ಮನ್ನು ಬಿಟ್ಟುಹೋದ ಲೀಲಾವತಿ ಬೈಪಾಡಿತ್ತಾಯ ಅವರು ವೃತ್ತಿಪರ ಮೇಳದ ಹಿಮ್ಮೇಳದಲ್ಲಿ ಕೂತು ದೇವರಿಗೂ ದೈತ್ಯರಿಗೂ ಹಾಡಿದವರು. ದೈತ್ಯನಿಗೆ ಹೆಣ್ಣಿನ ಸ್ವರವಾ ಅಂತ ರಂಗದ ಎದುರು ಕೂತವರಿಗೆ ಅನಿಸಲಿಲ್ಲ.

ಭಾಗ 5

ಈಗ ಜಗಳದ ವಿಷಯಕ್ಕೆ ಬರ್ತೇನೆ.

ದೀಪಾವಳಿ ಕಾರ್ಯಕ್ರಮಕ್ಕೆ ನಮ್ಮ ಹುಡುಗ ಹುಡುಗಿಯರ ಯಕ್ಷಗಾನ ತಂಡ 'ನರಕಾಸುರ ವಧೆ' ಆಡಬೇಕು ಅಂತ ಆಗಿದೆ. ಸಿಕ್ಕಿದ್ದು 40 ನಿಮಿಷ. ನಾನು ಹಿಮ್ಮೇಳದಲ್ಲಿ ಚಕ್ರತಾಳ, ಅಂದ್ರೆ ತಂಡದಲ್ಲಿ ನನ್ನ ಮಾತಿಗೆ ಎಷ್ಟು ಬೆಲೆ ಅಂತ ನೀವೇ ಊಹಿಸಿ. ಮೊದಲ ಮೀಟಿಂಗಲ್ಲೇ ಬಂದ ತೀರ್ಮಾನ: "ಪದ ಕಟ್ ಮಾಡುವ. ಪ್ರವೇಶ ಇಡುವ, ಯುದ್ಧ ಇಡುವ, ಧೀಂಗಿಣ ಇಡುವ. ಕೊನೆಯ ಭೂದೇವಿ ಪೂರ್ತಿ ತೆಗೆಯುವ. ಪಬ್ಲಿಕ್‌ಗೆ ಬೋರ್ ಆಗ್ತದೆ."

ಭೂದೇವಿ ಯಾರು ಅಂತ ಗೊತ್ತಿಲ್ಲದವರಿಗೆ ಹೇಳ್ತೇನೆ. ನರಕಾಸುರನ ಅಮ್ಮ. ಅವನು ಭೂಮಿಯ ಮಗ. ಭಾಗವತದ ಕಥೆಯಲ್ಲಿ ನರಕ ಸತ್ತ ಮೇಲೆ ಅವಳು ಬರ್ತಾಳೆ. ಮಗ ಕದ್ದು ತಂದ ಅದಿತಿಯ ಕುಂಡಲಗಳನ್ನು ಕೃಷ್ಣನಿಗೆ ಒಪ್ಪಿಸ್ತಾಳೆ. ಕೊಂದವನನ್ನೇ ಸ್ತುತಿ ಮಾಡ್ತಾಳೆ. ಆಮೇಲೆ ಮೊಮ್ಮಗ ಭಗದತ್ತನನ್ನು ಮುಂದೆ ತಂದು ನಿಲ್ಲಿಸಿ, ಹೆದರಿದ ಈ ಮಗುವನ್ನಾದರೂ ಕಾಪಾಡು ಅಂತ ಕೇಳ್ತಾಳೆ. ಇನ್ನೂ ಗಟ್ಟಿಯಾಗಿ ಹೇಳುವವರೂ ಇದ್ದಾರೆ: ಸತ್ಯಭಾಮೆಯೇ ಭೂದೇವಿಯ ಅಂಶ, ಅಮ್ಮನ ಎದುರಲ್ಲಲ್ಲದೆ ಅವನಿಗೆ ಸಾವಿಲ್ಲ ಅಂತ.

ಈಗ ಯೋಚನೆ ಮಾಡಿ. ನಾವು ಪಟಾಕಿ ಹೊಡೆಯುವ ಬೆಳಗ್ಗೆ ಒಬ್ಬ ಅಮ್ಮ ಮಗನನ್ನು ಕಳಕೊಂಡ ಬೆಳಗ್ಗೆಯೂ ಹೌದು. ಮಗ ಕೆಟ್ಟವನೇ, ಸಾಯಬೇಕಾದವನೇ, ಸೆರೆಯಲ್ಲಿಟ್ಟ ಸಾವಿರಾರು ಹೆಣ್ಣುಮಕ್ಕಳಿಗೆ ಬಿಡುಗಡೆ ಆದದ್ದು ಅವನು ಸತ್ತದ್ದರಿಂದಲೇ. ಅವಳಿಗೂ ಅದು ಗೊತ್ತು. ಗೊತ್ತಿದ್ದೂ ಅಳ್ತಾಳೆ, ಅಳ್ತಾ ಸ್ತುತಿ ಮಾಡ್ತಾಳೆ. ಇಷ್ಟನ್ನು ಮಾತಲ್ಲಿ ಹೇಳಿದರೆ ಭಾಷಣ ಆಗ್ತದೆ, ಐದು ನಿಮಿಷಕ್ಕೆ ಹಿಂದಿನ ಸಾಲಿನವರು ಫೋನ್ ತೆಗೀತಾರೆ. ಹಾಡಿದರೆ ಮಾತ್ರ ಎರಡೂ ಭಾವ ಒಟ್ಟಿಗೆ ನಿಲ್ಲುತ್ತವೆ. ಪದದ ಅಕ್ಷರದಲ್ಲಿ ಸ್ತುತಿ, ರಾಗದಲ್ಲಿ ಶೋಕ.

ನಮ್ಮ ತುಳುನಾಡಿನ ದೀಪಾವಳಿಯೇ ಹಾಗೆ ಅಲ್ವಾ? ಬಲೀಂದ್ರನಿಗೆ ದೀಪ ಇಟ್ಟು, ಗದ್ದೆಯ ಹತ್ತಿರ ನಿಂತು 'ಕೂ' ಹಾಕಿ ಕರೆಯುವುದು ನೋಡಿದ್ದೀರಲ್ಲ. ರಾಜ್ಯ ಕಳಕೊಂಡ ರಾಜನನ್ನು ವರ್ಷಕ್ಕೊಮ್ಮೆ ಬಂದು ಹೋಗು ಅಂತ ಕರೆಯುವುದು. ಆ ಕರೆಯನ್ನು ಕತ್ತಲಲ್ಲಿ ದೂರದಿಂದ ಕೇಳಿದವರಿಗೆ ಗೊತ್ತು, ಅದು ಬರೀ ಖುಷಿಯ ಸ್ವರ ಅಲ್ಲ.

ಸರಿ, ಮತ್ತೆ ನೈಟ್‌ಮೇರ್‌ಗೆ. ಅದರಲ್ಲಿ ಸ್ಯಾಲಿ ಅಂತ ಒಬ್ಬಳಿದ್ದಾಳೆ, ಹಳೆ ಬಟ್ಟೆ ಹೊಲಿದು ಮಾಡಿದ ಗೊಂಬೆ ಹುಡುಗಿ. ಜ್ಯಾಕ್ ಮಾಡ್ತಾ ಇರುವುದು ಕೆಡ್ತದೆ ಅಂತ ಮೊದಲೇ ಗೊತ್ತಿದ್ದವಳು ಅವಳೊಬ್ಬಳೇ. ಅವಳಿಗೆ ಒಂದೇ ಒಂದು ಹಾಡು, ಹಾಡಿದ್ದು ಕ್ಯಾಥರಿನ್ ಒಹಾರಾ. ಎರಡು ನಿಮಿಷವೂ ಇಲ್ಲ. ಕುಣಿತ ಇಲ್ಲ, ಗಲಾಟೆ ಇಲ್ಲ. ಯಾರಾದರೂ "ಬೋರ್" ಅಂತ ಕತ್ತರಿ ಹಾಕುವುದಾದರೆ ಮೊದಲು ಹಾಕುವುದು ಅದಕ್ಕೇ.

ಹಾಕಿದರೆ ಎಂತಾಗ್ತದೆ ಗೊತ್ತುಂಟಾ? ಸಿನೆಮಾದ ಕೊನೆಗೆ ಗುಡ್ಡೆಯ ಮೇಲೆ ಜ್ಯಾಕ್ ಅವಳ ಹತ್ತಿರ ಬಂದು ಹಾಡ್ತಾನಲ್ಲ, ಅದು ಅವಳದೇ ಆ ಧಾಟಿ. ಅಷ್ಟು ಹೊತ್ತು ತನ್ನದೇ ಧಾಟಿಯಲ್ಲಿ ಹಾಡಿಕೊಂಡು, ತನ್ನದೇ ಗುಂಗಲ್ಲಿ ತಿರುಗಿದವನು ಮೊದಲ ಸಲ ಇನ್ನೊಬ್ಬಳ ಧಾಟಿಯಲ್ಲಿ ಹಾಡ್ತಾನೆ. ಪ್ರೀತಿ ಅಂತ ಅವನು ಬಾಯಲ್ಲಿ ಹೇಳುವ ಅಗತ್ಯವೇ ಬರುವುದಿಲ್ಲ. ಮೊದಲಿನದ್ದನ್ನು ಓಡಿಸಿದವನಿಗೆ ಕೊನೆಯದ್ದು ಸುಮ್ಮನೆ ಒಂದು ಸ್ಲೋ ಹಾಡು, ಕೇಳಿದವನಿಗೆ ಗಂಟಲು ಕಟ್ಟುತ್ತದೆ.

ಭೂದೇವಿಯನ್ನು ತೆಗೆದರೆ ನಮ್ಮ ಆಟದಲ್ಲೂ ಹಾಗೆಯೇ ಆಗ್ತದೆ. ಉಳಿಯುವುದು ಒಬ್ಬ ಒಳ್ಳೆಯವ, ಒಬ್ಬ ಕೆಟ್ಟವ, ನಡುವೆ ಹತ್ತು ಧೀಂಗಿಣ.

ಭಾಗ 6

ಕಮೆಂಟಲ್ಲಿ ಬರುವುದನ್ನು ನಾನೇ ಮೊದಲು ಹೇಳಿಬಿಡ್ತೇನೆ.

"ಟೈಮ್ ಇಲ್ಲ ಮಾರಾಯ, ಈಗ ಎಲ್ಲ ಕಾಲಮಿತಿ." ಒಪ್ಪಿದೆ. ರಾತ್ರಿ ಇಡೀ ಕೂರುವವರು ಕಮ್ಮಿ, ನಾನೂ ಪರೀಕ್ಷೆಯ ಹಿಂದಿನ ದಿನ ಕೂರುವುದಿಲ್ಲ. ಆದರೆ ಕಾಲಮಿತಿ ಅಂದ್ರೆ ಪದಮಿತಿ ಅಂತ ಯಾರು ಹೇಳಿದ್ದು? ಒಬ್ಬೊಬ್ಬ ವೇಷಧಾರಿಯ ಪೀಠಿಕೆ ಹತ್ತು ನಿಮಿಷ ಹೋಗ್ತದೆ, ಅದರಲ್ಲಿ ಅರ್ಧ ತನ್ನ ವಂಶಾವಳಿ. ಅದಕ್ಕೆ ಕತ್ತರಿ ಹಾಕುವಾಗ ಯಾರಿಗೂ ಕೈ ಬರುವುದಿಲ್ಲ, ಯಾಕಂದ್ರೆ ವೇಷಧಾರಿ ನಮ್ಮ ಫ್ರೆಂಡ್, ಬೇಜಾರು ಮಾಡಿಕೊಳ್ತಾನೆ. ಪದ ಬೇಜಾರು ಮಾಡಿಕೊಳ್ಳುವುದಿಲ್ಲ.

"ಭಾಗವತರೂ ಎಳೀತಾರಲ್ಲ?" ಹೌದು, ಎಳೀತಾರೆ. ಒಂದು ಪದಕ್ಕೆ ಕಾಲು ಗಂಟೆ ಆಲಾಪನೆ, ಅದಕ್ಕೆ ಜನರ ಚಪ್ಪಾಳೆ, ಚಪ್ಪಾಳೆ ಬಂತು ಅಂತ ಮತ್ತೊಮ್ಮೆ. ಅಷ್ಟರಲ್ಲಿ ರಂಗದಲ್ಲಿ ನಿಂತ ವೇಷಧಾರಿ ಯಾರ ಮೇಲೆ ಸಿಟ್ಟು ಬಂದದ್ದು ಅಂತ ಮರೆತಿರ್ತಾನೆ. ಅದು ಹಾಡು ಕಥೆಯನ್ನು ನಡೆಸುವುದಲ್ಲ, ಕಥೆಯ ಮೇಲೆ ಹತ್ತಿ ಕೂರುವುದು. ನಾನು ಪದ ಉಳಿಸಿ ಅಂದದ್ದು, ರಾಗ ಎಳೀರಿ ಅಂತ ಅಲ್ಲ. ಗಾನವೈಭವ ಬೇರೆ ಕಾರ್ಯಕ್ರಮ, ಅದನ್ನು ಕೇಳಲು ಪ್ರತ್ಯೇಕ ಹೋಗುವ.

"ಜನರಿಗೆ ಚೆಂಡೆ, ಕುಣಿತ ಬೇಕು." ಇದನ್ನು ನಮಗೆ ಕಲಿಸಿದ್ದು ರೀಲ್ಸ್. ಏರುಪದ್ಯದ ತುದಿ, ಚೆಂಡೆಯ ಉರುಳಿಕೆ, ನಾಲ್ಕು ಸುತ್ತು, ಮೂವತ್ತು ಸೆಕೆಂಡ್, ಲಕ್ಷ ವ್ಯೂ. ನಾನೂ ಹಾಕಿದ್ದೇನೆ, ಕೆಳಗೆ ಸ್ಕ್ರಾಲ್ ಮಾಡಿದರೆ ಸಿಗ್ತದೆ. ಆದರೆ ಆ ಮೂವತ್ತು ಸೆಕೆಂಡಿಗೆ ಮೈ ಜುಂ ಅಂದದ್ದು ಅದರ ಹಿಂದಿನ ಇಪ್ಪತ್ತು ನಿಮಿಷ ಯಾರೋ ಮೆಲ್ಲ ಕಟ್ಟಿಕೊಂಡು ಬಂದದ್ದಕ್ಕೆ. ರೀಲ್‌ನಲ್ಲಿ ನಾವು ನೋಡುವುದು ಬಡ್ಡಿ ಮಾತ್ರ, ಅಸಲು ಬೇರೆ ಕಡೆ ಉಂಟು.

ಕೊನೆಯದು, ಇದಕ್ಕೆ ಉತ್ತರ ಇದ್ದವರು ಹೇಳಿ. ಯಕ್ಷಗಾನದಿಂದ ವೇಷ ತೆಗೆಯಿರಿ, ಕುಣಿತವೂ ತೆಗೆಯಿರಿ. ಉಳಿಯುವುದು ತಾಳಮದ್ದಳೆ, ಮಳೆಗಾಲದಲ್ಲಿ ಪುತ್ತೂರಿನಲ್ಲಿ ಎಲ್ಲಿ ಬೇಕಾದರೂ ಸಿಗ್ತದೆ, ಜನ ಜಮಖಾನದ ಮೇಲೆ ಕೂತು ಗಂಟೆಗಟ್ಟಲೆ ಕೇಳ್ತಾರೆ. ಮಾತು ತೆಗೆಯಿರಿ, ಗಾನವೈಭವ ಉಳೀತದೆ. ಮನುಷ್ಯರನ್ನೇ ತೆಗೆದು ಗೊಂಬೆ ಇಡಿ, ಬೊಂಬೆಯಾಟ ಆಗ್ತದೆ. ಪದ ತೆಗೆಯಿರಿ. ಉಳಿಯುವುದಕ್ಕೆ ಎಂತ ಹೆಸರು?

ಭಾಗ 7

ಬರೀ ಬೇಡ ಬೇಡ ಅಂದ್ರೆ ಆಗುವುದಿಲ್ಲ, ಬಜೆಟ್ ಕೊಡಬೇಕು. ತಂಡದ ಗ್ರೂಪಿಗೆ ಹಾಕಿದ್ದನ್ನೇ ಇಲ್ಲಿಗೂ ಹಾಕ್ತೇನೆ. ಮೊದಲಿನ ಪ್ಲಾನಿನಲ್ಲಿ ಯುದ್ಧಕ್ಕೇ 15 ನಿಮಿಷ, ಭೂದೇವಿಗೆ ಸೊನ್ನೆ.

ನನ್ನದು: ನರಕನ ಪ್ರವೇಶ 7, ಚೆಂಡೆಗೆ ಬೇಕಾದಷ್ಟು ಜಾಗ ಬಿಟ್ಟು. ಇಂದ್ರನ ದೂರು 5, ಎರಡು ಪದ, ಅರ್ಥ ಚುಟುಕು. ಕೃಷ್ಣ-ಸತ್ಯಭಾಮೆ 8. ಇದು ಮುಖ್ಯ, ಯಾಕಂದ್ರೆ ಇಲ್ಲಿಯ ಸಲಿಗೆಯ ಪದಗಳು ಲಘು ಆಗಿದ್ದರೆ ಮಾತ್ರ ಕೊನೆಗೆ ಭಾರ ಗೊತ್ತಾಗುವುದು. ಮುರ 3, ಬಂದ, ಕುಣಿದ, ಸತ್ತ. ಯುದ್ಧ 8. ಭೂದೇವಿ 6. ಮಂಗಳ 1. ಒಟ್ಟು 38. ಉಳಿದ ಎರಡು ನಿಮಿಷ ಮೈಕ್ ಕೈಕೊಟ್ಟರೆ ಇರಲಿ ಅಂತ. ನಮ್ಮಲ್ಲಿ ಮೈಕ್ ಕೈಕೊಡದ ಕಾರ್ಯಕ್ರಮ ಯಾವುದು?

ಭೂದೇವಿಯ 6 ನಿಮಿಷದಲ್ಲಿ ಅರ್ಥ ಒಂದೇ ನಿಮಿಷ. ಉಳಿದದ್ದು ಒಂದು ಭಾಮಿನಿ, ಎರಡು ಪದ. ಮೊದಲ ಪದಕ್ಕೆ ಚೆಂಡೆ ಪೂರ್ತಿ ಬಂದ್, ಮದ್ದಳೆ ಮಾತ್ರ. ಎರಡನೇ ಪದ ಮೊಮ್ಮಗನನ್ನು ಮುಂದೆ ತರುವಾಗ. ಆಗ ಸತ್ಯಭಾಮೆ ಪಾತ್ರಧಾರಿ ಸುಮ್ಮನೆ ನಿಂತರೆ ಸಾಕು, ಹೆಜ್ಜೆ ಬೇಡ, ಕೈ ಅಲ್ಲಾಡಿಸುವುದೂ ಬೇಡ. ಕಾಸರಗೋಡಿನ ಗೊಂಬೆಯ ಹಾಗೆ. ಹಾಡು ಅವಳ ಮುಖ ಬದಲಿಸಲಿ.

ಪ್ರಸಂಗದ ಪದಗಳನ್ನು ಓದಬೇಕಾದವರು ಯಕ್ಷವಾಹಿನಿಯ ಪ್ರಸಂಗಕೋಶದಲ್ಲಿ ಹುಡುಕಿ, ಎಷ್ಟೋ ಹಳೆಯ ಪ್ರಸಂಗಗಳು ಫೋನಲ್ಲೇ ಸಿಗ್ತವೆ. ನೈಟ್‌ಮೇರ್ ನೋಡದವರು ಡಿಸೆಂಬರ್ ತನಕ ಕಾಯಬೇಡಿ. ಅದು ದೀಪಾವಳಿಗೂ ಆಗ್ತದೆ.

ಗ್ರೂಪಲ್ಲಿ ಈಗ ವೋಟು 9ಕ್ಕೆ 6, ನನ್ನ ಕಡೆ 6 ಅಲ್ಲ. ಯುದ್ಧದಿಂದ 7 ನಿಮಿಷ ಹೋಗ್ತದೆ ಅಂತ ನರಕಾಸುರ ಮಾತು ಬಿಟ್ಟಿದ್ದಾನೆ. ಆದರೆ ಸೆಕೆಂಡ್ ಬಿಕಾಂನ ಒಬ್ಬಳು ಭೂದೇವಿಯ ಪದ ತಾನು ಹೇಳ್ತೇನೆ ಅಂತ ನಿನ್ನೆ ವಾಯ್ಸ್ ನೋಟ್ ಕಳಿಸಿದ್ದಾಳೆ, ಎರಡು ಸಾಲು ಮಾತ್ರ, ಮದ್ದಳೆ ಇಲ್ಲದೆ, ಹಿಂದೆ ಮಿಕ್ಸಿ ಶಬ್ದ. ಅದನ್ನು ಗ್ರೂಪಿಗೆ ಫಾರ್ವರ್ಡ್ ಮಾಡಿದೆ. ಇಷ್ಟರವರೆಗೆ ಯಾರೂ ರಿಪ್ಲೈ ಮಾಡಲಿಲ್ಲ, ಎಲ್ಲರೂ ಕೇಳಿದ್ದಾರೆ ಅಂತ ಮಾತ್ರ ತೋರಿಸ್ತಾ ಉಂಟು. ಶನಿವಾರ ಸಂಜೆ ಟ್ರಯಲ್. ಅವಳ ಶ್ರುತಿ ಯಾವುದು ಅಂತ ನೋಡಿ ಮದ್ದಳೆ ಹೊಂದಿಸುವ ಕೆಲಸ ಬಾಕಿ ಉಂಟು.